ಎರಡು ತಾಸಿಗೆ ಒಂದು ಕೋಣೆ ಕೊಡಿ: ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಸಚಿವರಿಗೆ,

ಶರಣು ಶರಣಾರ್ಥಿ. ನಾನು ಸೇಡಂ ತಾಲ್ಲೂಕಿನ ತೊಗರಿ ಬೆಳೆಗಾರ. ನನಗೂ ಹೆಂಡತಿಗೂ ವಿಚ್ಛೇದನವಾಗಿದೆ. ಏಳು ವರ್ಷದ ಮಗಳು ತಾಯಿಯ ಹತ್ತಿರ ಇದ್ದಾಳೆ. ಆಕೆ ಮಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ, ಅದರಲ್ಲಿ ನನ್ನ ತಕರಾರಿಲ್ಲ. ತಿಂಗಳಿಗೆ ಎರಡು ಶನಿವಾರ, ಎರಡೆರಡು ತಾಸು, ಕೋರ್ಟಿನ ಆವರಣದಲ್ಲಿ ಮಗಳನ್ನು ಕಾಣಲು ನನಗೆ ಆದೇಶವಿದೆ. ಈ ಪತ್ರ ಆ ಎರಡು ತಾಸಿನ ಬಗ್ಗೆ.

ಮೊದಲ ಭೇಟಿಗೆ ಮಾಲ್ಪುರಿ ಕಟ್ಟಿಸಿಕೊಂಡು, ಸೂಪರ್ ಮಾರ್ಕೆಟ್‌ನಲ್ಲಿ ಒಂದು ಜೊತೆ ಚಪ್ಪಲಿ ಕೊಂಡು ಹೋಗಿದ್ದೆ. ಕೂರಲು ಸಿಕ್ಕಿದ್ದು ವರಾಂಡದ ಬೆಂಚಿನ ತುದಿ. ಮಗಳು ಶಾಲೆ ತಪ್ಪಿಸಿ ಯೂನಿಫಾರ್ಮ್‌ನಲ್ಲೇ ಬಂದಿದ್ದಳು. ಅಷ್ಟರಲ್ಲಿ ಪೊಲೀಸರು ಬೇಡಿ ಹಾಕಿದ ಒಬ್ಬನನ್ನು ಎದುರಿಗೇ ಕರೆದೊಯ್ದರು. "ಪಪ್ಪಾ, ಅವಗ ಯಾಕ ಕಟ್ಟ್ಯಾರ?" ಅಂತ ನನ್ನ ತೋಳು ಹಿಡಿದಳು. ಚಪ್ಪಲಿ ತೊಡಿಸಿದರೆ ಹಿಮ್ಮಡಿ ಹೊರಗೇ ಉಳಿಯಿತು. ನಾನು ನೋಡದ ತಿಂಗಳುಗಳಲ್ಲಿ ಅವಳ ಪಾದ ಬೆಳೆದಿತ್ತು. ಹೋಗುವಾಗ ಕೇಳಿದಳು, "ನಾ ಏನ್ ತಪ್ಪ ಮಾಡೀನಿ, ನನ್ನ ಕೋರ್ಟಿಗೆ ಕರೀತಾರ?"

ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ತಂದೆಯ ಹಕ್ಕು ಎಂದು ಎಲ್ಲರೂ ಮಾತಾಡುತ್ತಾರೆ. ಆದರೆ ಹೊಲದ ಪಹಣಿಯಲ್ಲಿ ಹೆಸರು ಬರೆಸಿದ ಹಾಗೆ ಮಗುವಿನ ಮೇಲೆ ಹೆಸರು ಬರೆಸುವ ಆಸೆ ನನಗಿಲ್ಲ. ಮಗುವಿನ ಪೋಷಕರು ಯಾರೆಂದು ತೀರ್ಮಾನಿಸುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೂ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುವ 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯೂ ಕೊನೆಗೆ ನೋಡುವುದು ಮಗುವಿನ ಹಿತವನ್ನೇ. 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಬೇಕು, ಒಬ್ಬರ ಬಳಿ ಇದ್ದಾಗ ಇನ್ನೊಬ್ಬರು ದಿನಾ 5-10 ನಿಮಿಷವಾದರೂ ಮಾತಾಡುವಂತಿರಬೇಕು ಎಂದಿತು. ಜಂಟಿ ಪಾಲನೆಗೆ ಕಾನೂನಿನಲ್ಲೇ ಅವಕಾಶ ಇರಲಿ ಎಂದು ಕಾನೂನು ಆಯೋಗ 2015ರಲ್ಲೇ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ. ನಾನು ಕೇಳುತ್ತಿರುವುದು ನಿಮ್ಮ ಕೈಯಲ್ಲೇ ಇದೆ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಅದರಲ್ಲಿ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಒಂದೊಂದು ಭೇಟಿ ಕೋಣೆ ಕಟ್ಟಿಸಿ. ಕೋರ್ಟಿನ ವರಾಂಡದಿಂದ ದೂರ ಇರಲಿ, ನೆಲಕ್ಕೆ ಜಮಖಾನೆ, ನಾಲ್ಕು ಆಟದ ಸಾಮಾನು, ಕುಡಿಯುವ ನೀರು, ಒಂದು ಶೌಚಾಲಯ ಸಾಕು. ಭಾನುವಾರ ತೆರೆದಿರಲಿ, ಮಕ್ಕಳ ಶಾಲೆ ತಪ್ಪುವುದಿಲ್ಲ. ಜೊತೆಗೊಬ್ಬ ತರಬೇತಿ ಪಡೆದ ಸಮಾಲೋಚಕಿ ಇರಲಿ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಹೈಕೋರ್ಟ್ ಜೊತೆ ಚರ್ಚಿಸಿ ಸಮಾಲೋಚಕರನ್ನು ಒದಗಿಸಬೇಕಾದದ್ದು ರಾಜ್ಯ ಸರ್ಕಾರವೇ. ಮಗುವನ್ನು ಕಳಿಸಲು ಹೆದರುವ ತಾಯಂದಿರಿದ್ದಾರೆ, ಕೆಲವರ ಹೆದರಿಕೆಗೆ ಕಾರಣವೂ ಇರುತ್ತದೆ. ಸಮಾಲೋಚಕಿ ಎದುರಿಗಿದ್ದರೆ ಅವರಿಗೂ ಧೈರ್ಯ.

ಬರುವ ಶನಿವಾರ ಮತ್ತೆ ಭೇಟಿಯಿದೆ. ಚಪ್ಪಲಿ ಅಳತೆಯನ್ನು ಈ ಸಲ ಅವಳ ತಾಯಿಯನ್ನೇ ಕೇಳಿದೆ. ಆಕೆ ಮಗಳ ಪಾದವನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದು ಕಳಿಸಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಸೇಡಂ ತಾಲ್ಲೂಕಿನ ಒಬ್ಬ ತಂದೆ