ಆ ಆರು ಸರ್ವರ್‌ಗಳ ವಿಚಾರ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಆರು ಸರ್ವರ್‌ಗಳ ಹೊಣೆ ನಿಮ್ಮಿಬ್ಬರ ತಲೆ ಮೇಲೆ ಬಿತ್ತು, ಚಂದಾ ಕಟ್ಟುವ ಲಿನಕ್ಸ್ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಹಾಕಲಾ, ಬಿಟ್ಟಿ ಸಿಗುವ ಲಿನಕ್ಸ್ ಡೆಬಿಯನ್ ಸಾಕಾ ಅಂತ ಕೇಳಿದ್ದೀಯ. ಯಾವುದು ವೇಗ ಅಂತ ಸುಮ್ನೆ ಹುಡುಕುತ್ತಾ ಕೂರಬೇಡ. ಎರಡರಲ್ಲೂ ಒಳಗಿನ ತಿರುಳು, ಅಂದರೆ ಕರ್ನಲ್, ಲಿನಕ್ಸ್‌ನದೇ. ಈ ಯಂತ್ರ ಎಷ್ಟು ವರ್ಷ ಓಡಬೇಕು, ಅಪ್‌ಗ್ರೇಡ್ ಮಾಡುವ ದಿನ ಬಂದಾಗ ಕೂತು ಮಾಡುವವರು ಯಾರು, ಅದನ್ನು ಮೊದಲು ಕೇಳು.

ನಾನು ಕೇಳಿರಲಿಲ್ಲ. ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿಯ ಹೊಸ ಆವೃತ್ತಿ ಸಿಗುತ್ತದೆ ಅಂತ ಒಂದು ಸರ್ವರ್‌ಗೆ ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ ಹಾಕಿದೆ. ಅದರ ಒಂದೊಂದು ಆವೃತ್ತಿಗೆ ಅಪ್‌ಡೇಟ್ ಬರುವುದು ಸುಮಾರು 13 ತಿಂಗಳು ಮಾತ್ರ. ನಾಳೆ ನೋಡೋಣ ಅಂತ ತಳ್ಳುತ್ತಾ ಬಂದೆ. ಒಂದು ದಿನ ನೋಡಿದರೆ ಅಪ್‌ಡೇಟ್ ನಿಂತು ತಿಂಗಳುಗಳೇ ಕಳೆದಿದ್ದವು. ರಾತ್ರಿಯಿಡೀ ಕೂತು ಬೇರೆ ಯಂತ್ರ ಕಟ್ಟಿ ಡೇಟಾಬೇಸ್ ಸಾಗಿಸಿದೆ. ಫೆಡೋರಾದ ತಪ್ಪೇನಿಲ್ಲ, ಅದು ಮೊದಲೇ ಹೇಳಿತ್ತು.

ರೆಡ್ ಹ್ಯಾಟ್‌ನ ಒಂದು ಆವೃತ್ತಿಗೆ ಅಪ್‌ಡೇಟ್ ಬರುವುದು 10 ವರ್ಷ. ಡೆಬಿಯನ್‌ಗೆ ಮೂರು, ಎಲ್‌ಟಿಎಸ್ ಅನ್ನುವ ದೀರ್ಘಾವಧಿ ಬೆಂಬಲ ಸೇರಿಸಿದರೆ 5. ಉಬುಂಟು ಅನ್ನುವ ಮತ್ತೊಂದು ಲಿನಕ್ಸ್‌ನ ಎಲ್‌ಟಿಎಸ್‌ಗೂ 5.

ರೆಡ್ ಹ್ಯಾಟ್ 8 ಬಂದದ್ದು 2019ರಲ್ಲಿ, 4.18 ಕರ್ನಲ್ ಜೊತೆ. ಇವತ್ತಿಗೂ ಅಲ್ಲಿ ಅದೇ 4.18. ಇಷ್ಟು ಹಳೇದಾ ಅಂತ ಗಾಬರಿಯಾಗಬೇಡ. ಹೊಸದರಲ್ಲಿ ಸಿಕ್ಕ ತೂತಿಗೆ ಹಾಕಿದ ತೇಪೆಯನ್ನೇ ತಂದು ಹಳೇದಕ್ಕೂ ಹೊಲಿಯುತ್ತಾರೆ, ಅದೇ ಬ್ಯಾಕ್‌ಪೋರ್ಟ್. ಡೆಬಿಯನ್‌ನ ಸ್ಥಿರ ಆವೃತ್ತಿ ಸ್ಟೇಬಲ್‌ನಲ್ಲೂ ಹೀಗೇ. ಸೆಕ್ಯುರಿಟಿ ಸ್ಕ್ಯಾನರ್‌ಗೆ ಇದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್‌ನ ಆವೃತ್ತಿ ನಂಬರ್ ಹಳೇದು ಅಂತ ವರದಿ ತುಂಬ ಕೆಂಪು ಬಳಿದು ಕೊಡುತ್ತದೆ. ಆಗ ಆ ಪ್ಯಾಕೇಜಿನ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ಪಟ್ಟಿ, ತೆಗೆದು, ವರದಿಯಲ್ಲಿರುವ ಸಿವಿಇ ನಂಬರ್ (ಒಂದೊಂದು ತೂತಿಗೂ ಕೊಡುವ ಗುರುತಿನ ಸಂಖ್ಯೆ) ಅಲ್ಲಿ ಇದೆಯಾ ನೋಡು. ಇದ್ದರೆ ತೇಪೆ ಬಿದ್ದಿದೆ. ಹಾಗೆ ನೋಡಿದರೆ ಹಳೇದರಲ್ಲೇ ಇರುವುದು ಲಾಭವೂ ಹೌದು. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಸಾಫ್ಟ್‌ವೇರ್‌ನ 5.6 ಆವೃತ್ತಿಯಲ್ಲಿ ಕದ್ದು ಒಳನುಗ್ಗಲು ಇಟ್ಟ ಹಿಂಬಾಗಿಲು ಸಿಕ್ಕಿತಲ್ಲ, ರೆಡ್ ಹ್ಯಾಟ್ ಎಂಟರ್‌ಪ್ರೈಸ್, ಡೆಬಿಯನ್ ಸ್ಟೇಬಲ್ ಎರಡಕ್ಕೂ ಅದು ತಲುಪಿಯೇ ಇರಲಿಲ್ಲ.

ಹಾಗಾದರೆ ರೆಡ್ ಹ್ಯಾಟ್‌ಗೆ ಕೊಡುವ ದುಡ್ಡು ಯಾವುದಕ್ಕೆ? ರಾತ್ರಿ ಕೆಟ್ಟರೆ ಕರೆಯಲು ಒಂದು ನಂಬರ್‌ಗೆ, ಮತ್ತೆ 'ಇದರ ಮೇಲೆ ಓಡುತ್ತದೆ' ಅಂತ ಸಾಫ್ಟ್‌ವೇರ್ ಮಾರುವವರು ಕೊಡುವ ಮಾತಿಗೆ. ನಿಮ್ಮ ಲೆಕ್ಕಪತ್ರದ ಸಾಫ್ಟ್‌ವೇರ್‌ನವರು ರೆಡ್ ಹ್ಯಾಟ್ ಬಿಟ್ಟು ಬೇರೇದಕ್ಕೆ ಜವಾಬ್ದಾರರಲ್ಲ ಅಂದಿದ್ದರೆ ಆ ಒಂದು ಯಂತ್ರಕ್ಕೆ ಚಂದಾ ಕಟ್ಟಿಸು. ಮಿಕ್ಕಿದ್ದು ನಿಮ್ಮದೇ ಕೋಡ್ ಅಲ್ವಾ, ಡೆಬಿಯನ್ ಹಾಕು. ಪ್ಯಾಕೇಜ್ ಹಾಕಲು ಒಂದರಲ್ಲಿ ಡಿಎನ್‌ಎಫ್, ಇನ್ನೊಂದರಲ್ಲಿ ಎಪಿಟಿ ಅಂತ ಕೈ ತಡವರಿಸುತ್ತದೆ, ಒಪ್ಪುತ್ತೇನೆ. ಆದರೂ ಆರಕ್ಕೂ ಚಂದಾ ಜಾಸ್ತಿಯಾಯಿತು.

ರೆಡ್ ಹ್ಯಾಟ್‌ನಂತೆಯೇ ಇದ್ದು ಬಿಟ್ಟಿ ಸಿಗುವ ರಾಕಿ, ಆಲ್ಮಾ ಎರಡೂ ಚೆನ್ನಾಗಿವೆ. ಅವು ಹುಟ್ಟಿದ್ದು ಯಾಕೆ ಅನ್ನುವುದನ್ನೂ ನೆನಪಿಡು. ಮೊದಲು ಆ ಜಾಗದಲ್ಲಿ ಬಿಟ್ಟಿ ಸಿಗುತ್ತಿದ್ದ ಸೆಂಟ್‌ಓಎಸ್ ಇತ್ತು, ಅದರ 8ನೇ ಆವೃತ್ತಿ 2029ರವರೆಗೆ ಇರುತ್ತದೆ ಅಂತ ನಂಬಿದ್ದೆವು. 2020ರ ಡಿಸೆಂಬರ್‌ನಲ್ಲಿ ಮಾತು ಬದಲಾಗಿ, 2021ರ ಕೊನೆಗೇ ಮುಗಿಯಿತು. ಬಿಟ್ಟಿ ಸಿಕ್ಕಿದ್ದಕ್ಕೆ ಜಗಳ ಆಡಲೂ ಆಗಲಿಲ್ಲ.

ಅಂದಹಾಗೆ, ಆರರಲ್ಲಿ ಒಂದು ಇನ್ನೂ ಸೆಂಟ್‌ಓಎಸ್ 7 ಅಂದೆಯಲ್ಲ. ಅದರ ಕಾಲ 2024ರ ಜೂನ್ 30ಕ್ಕೇ ಮುಗಿದಿದೆ. ಹೊಸದರ ಯೋಚನೆ ಆಮೇಲೆ, ಈ ವಾರ ಅದನ್ನು ನೋಡು.

ನಿನ್ನ
ಮಾವ