ಕುದಿಸಿದ ಟ್ಯೂಬೂ ಕಂದು ಬಣ್ಣ ಕೊಟ್ಟರೆ

ಚಿ. ಅನಘಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಗ್ರಾಫ್ ನೋಡಿದೆ. ಮಣ್ಣಿನಿಂದ ತೆಗೆದ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ, ಅದು ಹೊರಗೆ ಬಿಡುವ ಪೆರಾಕ್ಸಿಡೇಸ್ (ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಬೇರೆ ವಸ್ತುಗಳನ್ನು ಉತ್ಕರ್ಷಿಸುವ ಕಿಣ್ವ), 65 ಡಿಗ್ರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಚಟುವಟಿಕೆ. "ಬಿಸಿ ತಾಳುವ ಕಿಣ್ವ ಸಿಕ್ಕೇಬಿಟ್ಟಿತು ದೊಡ್ಡಮ್ಮಾ" ಅಂತ ಬರೆದಿದ್ದೀಯ. ಸಿಕ್ಕಿರಲೂಬಹುದು. ಆದರೆ ಈ ಗ್ರಾಫ್ ಅದನ್ನು ಹೇಳುತ್ತಿಲ್ಲ ಕಣೇ.

ನೀನು ಅಳೆದದ್ದು ಎರಡೇ ನಿಮಿಷ. ಅಷ್ಟರೊಳಗೆ ಸಾಯುತ್ತಿರುವ ಕಿಣ್ವವೂ ಓಡುತ್ತದೆ, ಬಿಸಿ ಏರಿದಷ್ಟು ಜೋರಾಗಿಯೇ ಓಡುತ್ತದೆ. ಅದು ವೇಗದ ಮಾತು, ತಾಳಿಕೆಯದ್ದಲ್ಲ. ತಾಳಿಕೆ ನೋಡಬೇಕಾದರೆ ಪೆರಾಕ್ಸೈಡೂ ಬಣ್ಣ ಕೊಡುವ ವಸ್ತುವೂ ಇಲ್ಲದೆ ಬರೀ ಕಿಣ್ವವನ್ನು 60 ಡಿಗ್ರಿಯ ವಾಟರ್ ಬಾತ್‌ನಲ್ಲಿಡು. ಹತ್ತು, ಇಪ್ಪತ್ತು, ನಲವತ್ತು ನಿಮಿಷಕ್ಕೆ, ಆಮೇಲೆ ಗಂಟೆಗೊಂದು ಸಲ ಸ್ವಲ್ಪ ತೆಗೆದು ನೇರ ಐಸಿಗೆ ಹಾಕು. ಎಲ್ಲವನ್ನೂ ಕೊನೆಗೆ 30 ಡಿಗ್ರಿಯಲ್ಲಿ ಒಟ್ಟಿಗೆ ಅಳೆ. ಉಳಿದ ಚಟುವಟಿಕೆಯ ಲಾಗರಿದಮ್ ಹಾಕಿದಾಗ ಗೆರೆ ನೆಟ್ಟಗೆ ಇಳಿದರೆ ಅರ್ಧಾಯು, ಅಂದರೆ ಚಟುವಟಿಕೆ ಅರ್ಧಕ್ಕಿಳಿಯುವ ಹೊತ್ತು, ಸಿಗುತ್ತದೆ. ಟ್ಯೂಬಿನ ಮುಚ್ಚಳದ ಒಳಗೆ ಹನಿ ಕಟ್ಟಿರುತ್ತದೆ, ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಕ್ಷಣ ತಿರುಗಿಸಿ ಕೆಳಗಿಳಿಸು. ಇಲ್ಲವಾದರೆ ತಳದ ದ್ರವ ಗಟ್ಟಿಯಾಗಿ, ಕಿಣ್ವ ಬಿಸಿಯಲ್ಲಿ ಬೆಳೆಯಿತೇನೋ ಅನ್ನಿಸುವ ಅಂಕಿ ಬರುತ್ತದೆ.

ಇನ್ನು ನನ್ನ ಕಥೆ. ನಿಮ್ಮಮ್ಮನಿಗೂ ಹೇಳಿಲ್ಲ. ಸಂಶೋಧನೆಯ ಎರಡನೇ ವರ್ಷ ನಾನೂ ನಿನ್ನ ಹಾಗೆ, ಪೆರಾಕ್ಸಿಡೇಸ್ ಕೆಲಸ ಮಾಡಿದರೆ ಬಣ್ಣಕ್ಕೆ ತಿರುಗುವ ಪೈರೋಗ್ಯಾಲಾಲ್ ಹಾಕಿಯೇ ಅಳೆಯುತ್ತಿದ್ದೆ. ಹತ್ತು ನಿಮಿಷ ಕುದಿಸಿದ ಕಂಟ್ರೋಲ್ ಟ್ಯೂಬೂ ನಿಧಾನಕ್ಕೆ ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಕುದಿಸಿದರೂ ಸಾಯದ ಕಿಣ್ವ! ಒಂದು ವಾರ ಕಾಲು ನೆಲಕ್ಕೆ ತಾಗಲಿಲ್ಲ. ಸೆಮಿನಾರಿನಲ್ಲಿ ಹೇಳಿಯೂಬಿಟ್ಟೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಬ್ರಾತ್‌ನ ಪಿಎಚ್ ಎಷ್ಟಮ್ಮಾ?" ಬ್ಯಾಕ್ಟೀರಿಯಾ ಬೆಳೆಸಿದ ಆ ದ್ರವದ್ದು ಎಂಟೂವರೆ. ಹೇಳುತ್ತಿರುವಾಗಲೇ ನನ್ನ ಗಂಟಲು ಒಣಗಿತು. ಸ್ಟ್ರೆಪ್ಟೊಮೈಸಿಸ್ ಪ್ರೋಟೀನು ತಿಂದು ಅಮೋನಿಯಾ ಬಿಟ್ಟು ಬ್ರಾತನ್ನು ಕ್ಷಾರೀಯ ಮಾಡಿತ್ತು. ಕ್ಷಾರದಲ್ಲಿ ಪೈರೋಗ್ಯಾಲಾಲ್ ಗಾಳಿಯ ಆಮ್ಲಜನಕ ಹೀರಿಕೊಂಡು ತನ್ನಷ್ಟಕ್ಕೆ ಕಂದಾಗುತ್ತದೆ. ಅದಕ್ಕೆ ಕಿಣ್ವದ ಹಂಗೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಪೆರಾಕ್ಸೈಡ್ ಹಾಕದ ಟ್ಯೂಬ್ ಒಂದು ಇರಲೇಬೇಕು. ಅದರಲ್ಲೂ ಬಣ್ಣ ಬಂದರೆ ಪೆರಾಕ್ಸೈಡ್ ಬೇಡದೆ ಆಮ್ಲಜನಕದಿಂದಲೇ ಕೆಲಸ ಮಾಡುವ ಲ್ಯಾಕೇಸ್ ಕಿಣ್ವ ಇದ್ದೀತು, ಇಲ್ಲವೇ ನನ್ನ ಕಥೆಯೇ ನಿನ್ನದೂ. ಬ್ರಾತ್ ಹಾಕದ ಟ್ಯೂಬ್ ಇನ್ನೊಂದು. ಕುದಿಸಿದ್ದೂ ಇರಲಿ, ಆದರೆ ಅದನ್ನೊಂದನ್ನೇ ನಂಬಬೇಡ: ಪ್ರೋಟೀನಿನ ಮಡಿಕೆ ಬಿಚ್ಚಿಹೋದ ಮೇಲೂ ಒಳಗಿದ್ದ ಹೀಮ್, ಅಂದರೆ ಕಬ್ಬಿಣ ಹಿಡಿದಿರುವ ಸಣ್ಣ ಅಣು, ಅಲ್ಪಸ್ವಲ್ಪ ಪೆರಾಕ್ಸಿಡೇಸ್ ಕೆಲಸ ಮಾಡುತ್ತಲೇ ಇರುತ್ತದೆ. ಬ್ರಾತನ್ನು ಡಯಾಲಿಸಿಸ್ ಮಾಡಿಯೇ, ಅಂದರೆ ಸಣ್ಣ ಅಣುಗಳು ಮಾತ್ರ ಸೋರಿಹೋಗುವ ಚೀಲದಲ್ಲಿಟ್ಟ ಮೇಲೆಯೇ, ಅಳೆ. ಚಟುವಟಿಕೆ ಚೀಲದೊಳಗೆ ಉಳಿದರೆ ಅದು ದೊಡ್ಡ ಅಣುವಿನದ್ದು. ಪೈರೋಗ್ಯಾಲಾಲ್ ಬಿಟ್ಟು 2,4-ಡೈಕ್ಲೋರೋಫಿನಾಲ್, 4-ಅಮೈನೋಆಂಟಿಪೈರಿನ್ ಜೋಡಿಗೆ ಹೋಗು, ಕೆಂಪು ಬಣ್ಣವನ್ನು 510 ನ್ಯಾನೋಮೀಟರ್‌ನಲ್ಲಿ ಓದು.

ಟ್ರಿಸ್ ಬಫರ್ ಬಳಸಿದ್ದೀಯಲ್ಲ, ಅಲ್ಲೂ ಒಂದು ಗುಂಡಿ ಇದೆ. ಬಿಸಿ ಒಂದು ಡಿಗ್ರಿ ಏರಿದರೆ ಅದರ ಪಿಎಚ್ ಸುಮಾರು 0.028 ಇಳಿಯುತ್ತದೆ. 25 ಡಿಗ್ರಿಯಲ್ಲಿ 8.0ಕ್ಕೆ ಕೂರಿಸಿದ್ದು 65ರಲ್ಲಿ 6.9ರ ಹತ್ತಿರ. ನಿನ್ನ ಗ್ರಾಫಿನಲ್ಲಿ ಬಿಸಿಯ ಜೊತೆ ಪಿಎಚ್ ಕೂಡ ಬದಲಾಗಿದೆ. ಫಾಸ್ಫೇಟ್‌ಗೆ ಬಂದುಬಿಡು.

ಪೆರಾಕ್ಸೈಡ್ ಜಾಸ್ತಿ ಸುರಿಯುವ ಅಭ್ಯಾಸವೂ ಬೇಡ. ಹೀಮ್‌ನ ಕಬ್ಬಿಣ ಅದರಿಂದಲೇ ಶಕ್ತಿ ಪಡೆಯುತ್ತದೆ ನಿಜ, ಆದರೆ ಮಿತಿ ಮೀರಿದರೆ ಹೀಮೇ ಬಿಳಿಚಿಹೋಗುತ್ತದೆ. ಬಿಸಿಯಲ್ಲಿ ಗಂಟೆಗಟ್ಟಲೆ ಬದುಕಿದ ಕಿಣ್ವ ಕೆಲಸಕ್ಕಿಳಿದ ಕೂಡಲೇ ಸಾಯುವುದು ಹೀಗೆ.

"ಹೊರಗೆ ಬಿಡುತ್ತದೆ" ಅನ್ನುವ ಮಾತನ್ನೂ ಪರೀಕ್ಷಿಸಬೇಕು. ಹಳೆಯ ಕಲ್ಚರಿನಲ್ಲಿ ಕೋಶಗಳು ಒಡೆದು ಒಳಗಿನ ಕ್ಯಾಟಲೇಸ್-ಪೆರಾಕ್ಸಿಡೇಸ್ ಬ್ರಾತಿಗೆ ಸೋರುತ್ತದೆ. ಕೋಶದೊಳಗೆ ಮಾತ್ರ ಇರಬೇಕಾದ ಮ್ಯಾಲೇಟ್ ಡಿಹೈಡ್ರೋಜಿನೇಸ್ ಬ್ರಾತಿನಲ್ಲಿ ಕಂಡರೆ ಅನುಮಾನ ಪಡು. ನಿಜವಾಗಿ ಹೊರಬರುವವುಗಳ ದಾರಿ ನನಗೆ ಈಗಲೂ ಬೆರಗು. ಬ್ಯಾಕ್ಟೀರಿಯಾ ಹೆಚ್ಚಿನ ಪ್ರೋಟೀನನ್ನು ಮಡಿಸದೆ ನೂಲಿನ ಹಾಗೆ ಹೊರಗೆಳೆಯುತ್ತದೆ. ಕೋಶದ ಒಳಗೇ ಹೀಮ್ ಕೂರಿಸಿಕೊಳ್ಳುವ ಪೆರಾಕ್ಸಿಡೇಸನ್ನು ಹಾಗೆ ಕಳಿಸಲಾಗದು. ಥರ್ಮೊಬಿಫಿಡಾ ಫಸ್ಕಾ ಇದೆಯಲ್ಲ, ಬಿಸಿಯೇರಿದ ಕಾಂಪೋಸ್ಟಿನಲ್ಲಿ ಬಾಳುವಂಥದ್ದು, ಅದರ ಬಣ್ಣ ಕಳೆಯುವ ಪೆರಾಕ್ಸಿಡೇಸ್ ಒಳಗೇ ಪೂರ್ತಿ ಮಡಚಿಕೊಂಡು ಟ್ಯಾಟ್ ಅನ್ನುವ, ಮಡಚಿದ ಪ್ರೋಟೀನನ್ನೇ ಸಾಗಿಸುವ ದಾರಿಯಲ್ಲಿ ಹೊರಬೀಳುತ್ತದೆ. ಹೊರಗೆ ಬಂದ ಮೇಲೆ ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಗಟ್ಟಿಯಾಗಿಯೇ ಹೊರಡಬೇಕು.

ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನನ್ನು ನಿನ್ನ ಕಿಣ್ವ ಮುರಿಯುತ್ತದೆ ಅಂತ ಈಗಲೇ ಬರೆಯಬೇಡ. 1983ರಲ್ಲಿ ಶಿಲೀಂಧ್ರದಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಸಿಕ್ಕಿತು, 1988ರಲ್ಲಿ ಸ್ಟ್ರೆಪ್ಟೊಮೈಸಿಸ್ ವಿರಿಡೋಸ್ಪೋರಸ್‌ನ ಕಿಣ್ವದ ವರದಿ ಬಂತು. ಅಂದಿನಿಂದ ಪ್ಲೇಟಿಗೆ ಬೆರೆಸಿದ ನೀಲಿ ಬಣ್ಣ ಮಾಯವಾದದ್ದನ್ನೇ ಲಿಗ್ನಿನ್ ಕರಗಿತು ಅಂದುಕೊಂಡವರು ಬಹಳ. ಬಣ್ಣ ಬ್ಯಾಕ್ಟೀರಿಯಾದ ಎಳೆಗಳ ಜಾಲಕ್ಕೆ ಅಂಟಿಕೊಂಡರೂ ಪ್ಲೇಟ್ ಬೆಳ್ಳಗಾಗುತ್ತದೆ. ಕಾಲೊನಿಯನ್ನು ಕೆರೆದು ನೋಡು. ಅಗಾರ್‌ಗೆ ಕಚ್ಚಿಕೊಂಡು ಲೂಪಿಗೆ ಬಗ್ಗುವುದಿಲ್ಲ, ಸೂಜಿಯಿಂದಲೇ ಎಬ್ಬಿಸಬೇಕು. ಬುಡ ನೀಲಿಯಾಗಿದ್ದರೆ ಉತ್ತರ ಅಲ್ಲೇ ಇದೆ.

ನಿನ್ನ ಗೈಡ್‌ಗೆ ಈ ವಾರವೇ ಹೇಳು, ಪೋಸ್ಟರ್ ಅಚ್ಚಿಗೆ ಹೋಗುವ ಮೊದಲು. ಅವರು ರೇಗಿದರೆ ಒಂದು ದಿನ ರೇಗುತ್ತಾರೆ, ಅಷ್ಟೇ.

60 ಡಿಗ್ರಿಯ ಗೆರೆ ಬಂದ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಮೊದಲು ಪೆರಾಕ್ಸೈಡ್ ಹಾಕದ ಟ್ಯೂಬಿನ ಅಂಕಿ ಹೇಳು, ಮಿಕ್ಕದ್ದು ಆಮೇಲೆ.

ನಿನ್ನ
ದೊಡ್ಡಮ್ಮ