ಭಾನುವಾರ ಅಕ್ಕನ ಫೋನ್ ನಮ್ಮ ಕೈಯಲ್ಲಿರಲಿ

ಸಂಪಾದಕರಿಗೆ ನಮಸ್ಕಾರ.

ಮುಂಬಯಿಯ ಗೋವಂಡಿ, ಮಾನ್ಖುರ್ದ್ ಕಡೆ ನಾಕಾ ಕಾರ್ಮಿಕರ, ಅಂದರೆ ಬೆಳಗ್ಗೆ ರಸ್ತೆ ಕೂಡುವ ಜಾಗದಲ್ಲಿ ನಿಂತು ದಿನಗೂಲಿ ಕೆಲಸ ಹುಡುಕುವವರ, ಜತೆ ಕೆಲಸ ಮಾಡುವ ಕೆಲವು ಕನ್ನಡ ಕ್ರೈಸ್ತರು ನಾವು. ನಮ್ಮ ಹತ್ರ ಬರುವವರಲ್ಲಿ ಯಾದಗಿರಿ, ಕಲಬುರಗಿಯವರೇ ಜಾಸ್ತಿ. ಒಬ್ಬರ ಕೂಲಿ ಕೊಡದೆ ಗುತ್ತಿಗೆದಾರ ಫೋನ್ ಸ್ವಿಚ್ ಆಫ್ ಮಾಡಿರುತ್ತಾನೆ. ಇನ್ನೊಬ್ಬರಿಗೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬೇಕು, ಅದಕ್ಕೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ನಾಲ್ಕು ದಿನಕ್ಕೊಬ್ಬ ಮೇಸ್ತ್ರಿ ಬದಲಾಗುವವರಿಗೆ ಆ ಕಾಗದ ಯಾರು ಬರೆದುಕೊಡ್ತಾರೆ ಹೇಳಿ? ಅದಕ್ಕೇ ಅಲೆದಾಟ.

ಇದನ್ನೆಲ್ಲ ಹನ್ನೆರಡು ವರ್ಷದಿಂದ ಹೆಚ್ಚುಕಡಿಮೆ ಒಬ್ಬರೇ ಹೊತ್ತಿರುವ ಅಕ್ಕ ಒಬ್ಬರಿದ್ದಾರೆ. ಹೋದ ತಿಂಗಳು ಆರಾಧನೆಯ ಮಧ್ಯೆ ಮೂರು ಸಲ ಫೋನ್ ಹಿಡಿದು ಹೊರಗೆ ಹೋದರು, ಮೂರನೇ ಸಲ ವಾಪಸ್ ಬರಲಿಲ್ಲ. ನೋಡಿದರೆ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚೀಲದ ತುಂಬ ಯಾರ್‍ಯಾರದೋ ಆಧಾರ್ ಜೆರಾಕ್ಸ್, ಪ್ಲಾಸ್ಟಿಕ್ ಕವರಿನಲ್ಲಿ. ಅದರ ನಡುವೆ ಮಡಚಿಟ್ಟ ಒಂದು ಚೀಟಿ. ರಕ್ತಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಎರಡು ತಿಂಗಳ ಹಿಂದೆ ಅವರಿಗೇ ಬರೆದುಕೊಟ್ಟದ್ದು. "ಸುಸ್ತಾಗಿದೆ ಅನ್ನೋಕೆ ನಾಚಿಕೆ ಆಗುತ್ತೆ, ದೇವರ ಕೆಲಸಕ್ಕೆ ರಜೆ ಕೇಳೋದಾ?" ಅಂದರು.

ಅವರ ಬಾಯಲ್ಲಿ ಈ ಮಾತು ಬರುವಂತೆ ಮಾಡಿದವರು ನಾವು. 'ದೇವರು ಬಲ ಕೊಡ್ತಾನೆ ಅಕ್ಕ' ಎಂದು ಹೇಳಿ ಮನೆಗೆ ಹೋಗಿ ಊಟ ಮಾಡಿ ಮಲಗಿದವರು.

ಬೈಬಲ್ಲಿನಲ್ಲಿ ಹೀಗಿಲ್ಲ. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಜನರ ವ್ಯಾಜ್ಯ ಕೇಳುತ್ತಾ ಕೂತ ಮೋಶೆಗೆ ಅವನ ಮಾವ ಇತ್ರೋ, ನೀನು ಮಾಡುವುದು ಸರಿಯಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಕೆಲಸ ಹಂಚು ಅಂದ. ಸಾಕು, ನನ್ನ ಪ್ರಾಣ ತೆಗೆ ಎಂದು ಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವದೂತ ಬೈಯಲಿಲ್ಲ. ರೊಟ್ಟಿ, ನೀರು ಇಟ್ಟು ಎದ್ದು ತಿನ್ನು ಅಂದ, ಅದೂ ಎರಡು ಸಲ. ಜಾರ್ಖಂಡಿನ ಆದಿವಾಸಿಗಳ ಹಕ್ಕಿಗಾಗಿ ದುಡಿದು, ಭೀಮಾ ಕೋರೆಗಾಂವ್ ಕೇಸಿನಲ್ಲಿ ಬಂಧಿತರಾಗಿದ್ದ ಪಾದ್ರಿ ಫಾದರ್ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ಇದೇ ಊರಿನ ಬಾಂದ್ರಾದಲ್ಲಿ ತೀರಿಕೊಂಡರು. ಅವರ ಧೈರ್ಯವನ್ನು ನೆನೆಯುತ್ತೇವೆ, ಸರಿ. ಆದರೆ ಅವರ ಬೆನ್ನಿಗೆ ಅವರ ಪಾದ್ರಿ ಸಂಘವಾದ ಯೇಸು ಸಭೆಯ (ಜೆಸ್ವಿಟ್) ಜತೆಗಾರರಿದ್ದರು, ಜೈಲಿನಿಂದ ಆಸ್ಪತ್ರೆಗೆ ತಂದಾಗ ಪಕ್ಕದಲ್ಲಿ ಇನ್ನೊಬ್ಬ ಪಾದ್ರಿ ಇದ್ದರು. ನಮ್ಮ ಅಕ್ಕನ ಪಕ್ಕ ಯಾರಿದ್ದಾರೆ?

ಪಾಸ್ಟರುಗಳಿಗೆ, ಸಭೆಯ ಹಿರಿಯರಿಗೆ ಕೇಳುವುದಿಷ್ಟೇ. ಒಂದೊಂದು ಕೇಸಿಗೂ ಇಬ್ಬರಿರಲಿ. ಕಾಣಿಕೆ ಹಣದಲ್ಲಿ ಒಂದು ಪಾಲು ಚರ್ಚಿನ ಬಣ್ಣ, ಮೈಕಿಗೆ ಹೋಗುವ ಮುಂಚೆ ಇಂಥವರ ಬಸ್ ಚಾರ್ಜು, ಔಷಧಿಗೆ ಹೋಗಲಿ. ವಾರಕ್ಕೊಂದು ದಿನ ಅವರ ಫೋನ್ ಬೇರೆಯವರು ಇಟ್ಟುಕೊಳ್ಳಲಿ. ನಾವು ಶುರು ಮಾಡಿದ್ದೇವೆ. ಮೊದಲ ಭಾನುವಾರ ಏಳು ಕರೆ ಬಂದವು. ಒಂದಕ್ಕೆ ಮಾತ್ರ ಆಗಲೇ ಓಡಬೇಕಾಯಿತು, ಉಳಿದವರು ಸೋಮವಾರ ಬರ್ತೀವಿ ಅಂದರು.

ಅಕ್ಕ ರಕ್ತಪರೀಕ್ಷೆಗೆ ಇನ್ನೂ ಹೋಗಿಲ್ಲ. ಈ ಶನಿವಾರ ನಾನೇ ಕರಕೊಂಡು ಹೋಗುತ್ತೇನೆ.

– ಒಬ್ಬ ಓದುಗ, ಗೋವಂಡಿ, ಮುಂಬಯಿ